ಮೋಟಾರು ಕಾರಿನ ಸಂಗೀತವೂ ‘ಗೇನ್’ ಎಂಬ ತಿರುಪೂ

ಸಂಗೀತವು ಮನೆಯ ಹಜಾರವನ್ನು ಬಿಟ್ಟು ಮೋಟಾರು ಕಾರನ್ನೇರಿ ಬಹುಕಾಲವಾಯಿತು. ಅಮೆರಿಕಾ ದೇಶದ ಗ್ಯಾಲ್ವಿನ್ ಸಹೋದರರು ಕಾರಿನೊಳಗೆ ಕೂರಿಸತಕ್ಕ ರೇಡಿಯೋವನ್ನು ೧೯೩೦ರಲ್ಲಿ ಮಾರಾಟಕ್ಕೆ ತಂದು ಅದಕ್ಕೆ ಮೋಟೊರೋಲಾ ಎಂಬ ಹೆಸರನ್ನಿಟ್ಟರು. ನಮ್ಮ ನಾಡಿನಲ್ಲಿ ೧೯೩೫ನೆಯ ಇಸವಿಯಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಆರಂಭಿಸಿದಾಗ ಅವರ ಪ್ರಸಾರಯಂತ್ರದ ಶಕ್ತಿ ೩೦ ವಾಟುಗಳು ಮಾತ್ರ. ಪ್ರಸಾರದ ವಾಟು ಬೇರೆ, ಸ್ಪೀಕರಿನ ವಾಟು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯುಕ್ತವಲ್ಲ. ಆದರೂ ಇಂದು ನಮ್ಮ ಕುಕ್ ಟೌನಿನ ಬೀದಿಯಲ್ಲಿ ನಿಂತಿರುವ ಸಾಧಾರಣವಾದ ಕಾರೊಂದರ ಡಿಕ್ಕಿಯಲ್ಲಿ ನಾನೂರು ವಾಟಿನ ಆಂಪ್ಲಿಫೈಯರು ಕುಳಿತಿರುವುದನ್ನು ಕಂಡಾಗ, ಊರಿಗೆಲ್ಲ ಸಂಗೀತವನ್ನು ಕೇಳಿಸಿದ ಆ ೩೦ ವಾಟುಗಳು ನೆನಪಿಗೆ ಬಾರದೆ ಇರವು.

ಕುಕ್ ಟೌನು ಮೌನವ್ರತವನ್ನು ಹಿಡಿದ ಪ್ರದೇಶವೇನೂ ಅಲ್ಲ. ಸಮೀಪದಲ್ಲಿಯೇ ಬೆಂಗಳೂರು ಈಸ್ಟ್ ರೈಲು ನಿಲ್ದಾಣವಿದೆ. ವೀಲರ್ ರಸ್ತೆಯಲ್ಲಿ ವಾಹನಗಳ ಸಂಚಾರಕ್ಕೆ ಬಿಡುವಿಲ್ಲ. ಇಗರ್ಜಿಯ ಗಂಟೆ, ಮಸೀದಿಯ ಕರೆ, ದೇವಸ್ಥಾನದ ಜಾಗಟೆ, ಇವೆಲ್ಲವೂ ದಂಡುಪ್ರದೇಶದ ಹಳೆಯ ನೆರೆಹೊರೆಯವುಗಳೇ. ಇವುಗಳಿಂದ ನಮ್ಮ ನಿದ್ರೆಗೆ ಭಂಗ ಬಂದಿಲ್ಲ. ಆದರೆ ಈಚೆಗೆ ರಾತ್ರಿ ಊಟವಾದ ಮೇಲೆ ಒಂದೊಂದು ಕಾರು ಬೀದಿಯ ತಿರುವಿನಲ್ಲಿ ಕಾಣಿಸಿಕೊಳ್ಳುವ ಮೊದಲೇ ನಮ್ಮ ಮನೆಯ ಕಿಟಕಿಯ ಗಾಜುಗಳು ಅದರ ಆಗಮನವನ್ನು ಸಾರುತ್ತವೆ. ನಮಗೆ ಸಂಗೀತದ ಮೇಲೆ ಮುನಿಸಿಲ್ಲ. ನಮ್ಮ ಆಕ್ಷೇಪಣೆಯೇನೆಂದರೆ, ಆ ಕಾರಿನಿಂದ ಹೊರಡುವುದು ಸಂಗೀತವಾಗಿ ಉಳಿದಿಲ್ಲವೆಂಬುದು. ಹಾಡಿನ ಸಾಹಿತ್ಯ ತಿಳಿಯದು. ಮೃದಂಗಕ್ಕೂ ತಗಡಿನ ಡಬ್ಬಕ್ಕೂ ಭೇದ ತೋರದು. ಹಣ ಕೊಟ್ಟು ಉತ್ತಮವಾದ ಯಂತ್ರವನ್ನೇ ತಂದಿರುವಾಗಲೂ ಹೀಗೇಕೆ ಆಗುತ್ತದೆಯೆಂದು ವಿಚಾರಿಸಿದರೆ, ಬಹುಮಟ್ಟಿಗೆ ಉತ್ತರವು ಆಂಪ್ಲಿಫೈಯರಿನ ಪಕ್ಕದಲ್ಲಿರುವ, ಕಡಲೆಕಾಳಿನಷ್ಟು ದಪ್ಪದ ಒಂದು ತಿರುಪಿನಲ್ಲಿ ಅಡಗಿರುತ್ತದೆ. ಅದರ ಮೇಲೆ ‘ಗೇನ್’ ಎಂದು ಬರೆದಿರುತ್ತದೆ. ಮಕ್ಕಳ ಕೈಗೆ ಕಾರನ್ನು ಕೊಟ್ಟಿರುವ ಗೃಹಸ್ಥರು ಈ ತಿರುಪಿನ ವಿಷಯವನ್ನು ಸ್ವಲ್ಪ ತಿಳಿದಿದ್ದರೆ ಹಣವೂ ಉಳಿದೀತು, ಕಿವಿಯೂ ಉಳಿದೀತು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇವೆ.

ಮೊದಲು ಹೆಸರಿನ ವಿಚಾರ. ಇಂಗ್ಲಿಷ್ ನಿಘಂಟನ್ನು ತೆರೆದು ನೋಡಿದವರು ಗೇನ್ ಎಂದರೆ ಲಾಭ ಎಂದು ಅರ್ಥಮಾಡುತ್ತಾರೆ. ಲಾಭವನ್ನು ಯಾರು ತಾನೆ ಕಡಿಮೆ ಮಾಡಿಕೊಂಡಾರು? ಆದುದರಿಂದ ತಿರುಪನ್ನು ಕೊನೆಯವರೆಗೂ ತಿರುಗಿಸಿಬಿಡುತ್ತಾರೆ. ಇಲ್ಲಿ ಅದರ ಅರ್ಥ ಲಾಭವಲ್ಲ, ಗುಣನ. ಎಂದರೆ ಒಳಗೆ ಬಂದುದನ್ನು ಎಷ್ಟರಿಂದ ಗುಣಿಸಿ ಹೊರಗೆ ಬಿಡಬೇಕೆಂಬ ಲೆಕ್ಕ. ವ್ಯಾಕರಣವನ್ನು ಓದಿದವರಿಗೆ ಗುಣವೆಂಬ ಮಾತಿನ ಜೊತೆಯಲ್ಲಿಯೇ ವೃದ್ಧಿಯೂ ನೆನಪಾಗುತ್ತದೆ. ಪಾಣಿನಿಯ ಶಾಸ್ತ್ರದಲ್ಲಿ ಇಕಾರಕ್ಕೆ ಗುಣ ಬಂದರೆ ಏಕಾರ, ವೃದ್ಧಿ ಬಂದರೆ ಐಕಾರ. ಐಕಾರದ ಮೇಲೆ ಇನ್ನೊಂದು ಮೆಟ್ಟಿಲಿಲ್ಲ. ಆಂಪ್ಲಿಫೈಯರಿನಲ್ಲಿಯೂ ಹಾಗೆಯೇ ಒಂದು ಕೊನೆಯ ಮೆಟ್ಟಿಲುಂಟು. ತಿರುಪನ್ನು ಎಷ್ಟು ತಿರುಗಿಸಿದರೂ ಆ ಮೆಟ್ಟಿಲು ಮೇಲಕ್ಕೆ ಹೋಗುವುದಿಲ್ಲ.

ಕಾರಿನ ಧ್ವನಿಯ ದಾರಿ ಹೀಗಿದೆ. ಚಾಲಕನ ಮುಂದಿರುವ ಸ್ಟೀರಿಯೋ ಹಾಡನ್ನು ಸಣ್ಣ ವಿದ್ಯುತ್ತಿನ ರೂಪದಲ್ಲಿ ಹೊರಡಿಸುತ್ತದೆ. ಅದು ಆರ್‌ಸಿಎ ಎಂಬ ತಂತಿಯ ಮೂಲಕ ಆಂಪ್ಲಿಫೈಯರನ್ನು ಸೇರುತ್ತದೆ. ಅಲ್ಲಿ ಬೆಳೆದು ಬಾಗಿಲುಗಳಲ್ಲಿರುವ ಸ್ಪೀಕರುಗಳಿಗೆ ಹೋಗುತ್ತದೆ. ಸ್ಟೀರಿಯೋಗಳೆಲ್ಲ ಒಂದೇ ಅಳತೆಯವಲ್ಲ. ಕೆಲವು ಹೆಚ್ಚೆಂದರೆ ೨ ವೋಲ್ಟುಗಳನ್ನು ಕಳುಹಿಸುತ್ತವೆ, ಕೆಲವು ೪, ಮತ್ತೆ ಕೆಲವು ೫. ಯಾವ ಸ್ಟೀರಿಯೋವನ್ನು ತಂದು ಜೋಡಿಸುವರೆಂಬುದು ಆಂಪ್ಲಿಫೈಯರನ್ನು ತಯಾರಿಸಿದವನಿಗೆ ತಿಳಿಯದಷ್ಟೆ. ಆದಕಾರಣ ಅವನು ಒಳಬಾಗಿಲಿನಲ್ಲಿ ಒಂದು ತಿರುಪನ್ನಿಟ್ಟು, ‘ಬರುವ ವೋಲ್ಟು ಹೆಚ್ಚಾಗಿದ್ದರೆ ಇತ್ತ ತಿರುಗಿಸು, ಕಡಿಮೆಯಾಗಿದ್ದರೆ ಅತ್ತ ತಿರುಗಿಸು’ ಎಂದು ಅಂಕೆಗಳನ್ನು ಬರೆದಿರುತ್ತಾನೆ. ತಿರುಪಿನ ಒಂದು ತುದಿಯಲ್ಲಿ ೦.೨ ವೋಲ್ಟು ಎಂದೂ ಇನ್ನೊಂದು ತುದಿಯಲ್ಲಿ ೪ ಅಥವಾ ೬ ಎಂದೂ ಇರುವುದನ್ನು ವಾಚಕರು ನೋಡಬಹುದು. ಸಣ್ಣ ಅಂಕೆಯ ತುದಿಯಲ್ಲಿ ಗುಣನ ಹೆಚ್ಚು, ದೊಡ್ಡ ಅಂಕೆಯ ತುದಿಯಲ್ಲಿ ಗುಣನ ಕಡಿಮೆ. ಸ್ಟೀರಿಯೋ ತನ್ನ ಪೂರ್ಣಶಕ್ತಿಗೆ ಬಂದಾಗ ಆಂಪ್ಲಿಫೈಯರೂ ತನ್ನ ಪೂರ್ಣಶಕ್ತಿಗೆ ಬರಬೇಕು. ಒಂದು ನಡುದಾರಿಯಲ್ಲಿರುವಾಗ ಇನ್ನೊಂದು ಕೊನೆಮುಟ್ಟಬಾರದು. ಇಷ್ಟನ್ನು ಹೊಂದಿಸುವುದೇ ಈ ತಿರುಪಿನ ಕೆಲಸ. ಸದ್ದನ್ನು ಏರಿಸುವುದಕ್ಕೆ ಸ್ಟೀರಿಯೋವಿನ ವಾಲ್ಯೂಮ್ ಗುಂಡಿ ಇದ್ದೇ ಇದೆ.

ಎರಡು ವೋಲ್ಟನ್ನು ಕಳುಹಿಸುವ ಸ್ಟೀರಿಯೋಗೆ ೦.೨ರ ತುದಿಯನ್ನು ತೋರಿಸಿದರೆ ಏನಾಗುವುದು? ವಾಲ್ಯೂಮ್ ಗುಂಡಿಯನ್ನು ಸ್ವಲ್ಪ ತಿರುಗಿಸುವಷ್ಟರಲ್ಲಿಯೇ ಆಂಪ್ಲಿಫೈಯರು ಕೊನೆಯ ಮೆಟ್ಟಿಲನ್ನು ಮುಟ್ಟಿಬಿಡುವುದು. ಅನುಭವವಿಲ್ಲದವನು ಇದನ್ನು ಕಂಡು, ‘ಆಹಾ, ವಾಲ್ಯೂಮ್ ಹತ್ತಕ್ಕೇ ಇಷ್ಟು ಸದ್ದು! ನಲವತ್ತಕ್ಕೆ ಎಷ್ಟಿರಬೇಕು!’ ಎಂದು ಹಿಗ್ಗುತ್ತಾನೆ. ನಲವತ್ತಕ್ಕೂ ಅಷ್ಟೇ ಇರುವುದೆಂಬುದು ಅವನಿಗೆ ಹೊಳೆಯುವುದಿಲ್ಲ. ಹೆಚ್ಚುವುದು ಎರಡೇ: ಹಾಡು ನಿಂತಾಗ ಕೇಳಿಸುವ ‘ಸ್’ ಎಂಬ ಹಿಸುಗುಟ್ಟುವಿಕೆ, ಮತ್ತು ಧ್ವನಿಯ ವಿಕಾರ.

ಈ ವಿಕಾರದ ಸ್ವರೂಪವನ್ನು ಅಡಿಗೆಯ ಮನೆಯ ದೃಷ್ಟಾಂತದಿಂದ ತಿಳಿಯಬಹುದು. ಸೇರಿನ ಪಾತ್ರೆಯಲ್ಲಿ ಒಂದೂಕಾಲು ಸೇರು ಅಕ್ಕಿಯನ್ನು ಗೋಪುರವಾಗಿ ಸುರಿದು ಅಂಗೈಯಿಂದ ಬಾಯಿಯ ಮಟ್ಟಕ್ಕೆ ಸವರಿದರೆ ಮೇಲಿನ ಗೋಪುರವೆಲ್ಲ ನೆಲಕ್ಕೆ ಚೆಲ್ಲಿ, ಮೇಲ್ಭಾಗ ಮಟ್ಟಸವಾಗಿ ನಿಲ್ಲುತ್ತದೆ. ಧ್ವನಿಯ ಅಲೆಗೂ ಹೀಗೆಯೇ ಶಿಖರವಿದೆ, ಕಣಿವೆಯಿದೆ. ಆಂಪ್ಲಿಫೈಯರು ಕೊಡಬಲ್ಲ ವೋಲ್ಟಿಗೊಂದು ಮಿತಿಯಿದೆ. ಅಲೆಯು ಆ ಮಿತಿಯನ್ನು ಮೀರಿ ಬೆಳೆಯಲು ಹವಣಿಸಿದಾಗ ಅದರ ಶಿಖರವೂ ಕಣಿವೆಯೂ ಸವರಿಹೋಗಿ ಚಪ್ಪಟೆಯಾಗುತ್ತವೆ. ಇದನ್ನು ಈ ವಿದ್ಯೆಯವರು ‘ಕ್ಲಿಪ್ಪಿಂಗ್’ ಎನ್ನುತ್ತಾರೆ. ಚೆಲ್ಲಿದ ಅಕ್ಕಿಯನ್ನು ಗೃಹಿಣಿಯು ಬಳಿದುಕೊಂಡಾಳು. ಸವರಿಹೋದ ಅಲೆಯ ಶಿಖರವನ್ನು ಮರಳಿ ಪಡೆಯುವ ಉಪಾಯವಿಲ್ಲ.

ಚಪ್ಪಟೆಯಾದ ಅಲೆಯು ಕೇಳುವುದಕ್ಕೆ ಕರ್ಕಶವೆಂಬುದು ಒಂದು ದೋಷವಾದರೆ, ಅದು ಸ್ಪೀಕರನ್ನು ಸುಡುವುದೆಂಬುದು ಇನ್ನೊಂದು. ಶಿಖರದ ಎತ್ತರ ಒಂದೇ ಆಗಿದ್ದರೂ, ನುಣುಪಾದ ಅಲೆಗಿಂತ ಪೂರ್ತಿಯಾಗಿ ಚಪ್ಪಟೆಯಾದ ಅಲೆಯು ಎರಡರಷ್ಟು ಶಕ್ತಿಯನ್ನು ಸಾಗಿಸುತ್ತದೆ. ಐವತ್ತು ವಾಟು ಎಂದು ಬರೆದಿರುವ ಆಂಪ್ಲಿಫೈಯರು ಹೀಗೆ ನೂರರ ಸಮೀಪಕ್ಕೆ ಹೋಗಬಲ್ಲುದು. ಅಷ್ಟೇ ಅಲ್ಲ, ಶಿಖರ ಕತ್ತರಿಸಿದಲ್ಲಿ ಮೂಲದಲ್ಲಿಲ್ಲದ ಹೊಸ ಧ್ವನಿಗಳು ಹುಟ್ಟುತ್ತವೆ. ಸೆಕೆಂಡಿಗೆ ೧,೦೦೦ ಕಂಪನಗಳ ಸ್ವರವೊಂದರ ಶಿಖರ ಕಣಿವೆಗಳನ್ನು ಸವರಿದರೆ ೩,೦೦೦, ೫,೦೦೦, ೭,೦೦೦ ಹೀಗೆ ಬೆಸಸಂಖ್ಯೆಯ ಮಡಿಗಳ ಸ್ವರಗಳು ಅದರೊಡನೆ ಸೇರಿಕೊಳ್ಳುತ್ತವೆ. ನಮ್ಮ ಶಿಕ್ಷಾಗ್ರಂಥಗಳಲ್ಲಿ ಮಂದ್ರವು ಎದೆಯಲ್ಲಿಯೂ, ಮಧ್ಯಮವು ಕಂಠದಲ್ಲಿಯೂ, ತಾರವು ಶಿರಸ್ಸಿನಲ್ಲಿಯೂ ಹುಟ್ಟುವುದೆಂದು ಹೇಳಿದೆಯಷ್ಟೆ. ಕಾರಿನಲ್ಲಿಯೂ ಅಂತೆಯೇ ಮಂದ್ರಕ್ಕೆ ಸಬ್‌ವೂಫರ್, ಮಧ್ಯಕ್ಕೆ ಬಾಗಿಲಿನ ಸ್ಪೀಕರು, ತಾರಕ್ಕೆ ಟ್ವೀಟರ್ ಎಂಬ ಪುಟ್ಟ ಸ್ಪೀಕರು ಇರುತ್ತವೆ. ಹೊಸದಾಗಿ ಹುಟ್ಟಿದ ಈ ತಾರಧ್ವನಿಗಳ ಹೊರೆಯೆಲ್ಲ ಆ ಪುಟ್ಟ ಟ್ವೀಟರಿನ ತಲೆಯ ಮೇಲೆ ಬೀಳುತ್ತದೆ. ಅದರ ಒಳಗಿರುವುದು ಕೂದಲೆಳೆಯಂಥ ತಂತಿಯ ಸುರುಳಿ. ಅದು ಕಾದು ಕಡಿಯುತ್ತದೆ.

ನಮ್ಮ ಬೀದಿಯಲ್ಲಿಯೇ ಇಂಥದೊಂದು ಪ್ರಸಂಗ ನಡೆಯಿತು. ನೆರೆಮನೆಯ ಯುವಕನೊಬ್ಬನು ಕೆಲಸಕ್ಕೆ ಸೇರಿ ವರುಷ ತುಂಬುವುದರೊಳಗೆ ಹಳೆಯ ಕಾರೊಂದನ್ನು ಕೊಂಡನು. ಉಳಿದ ಹಣದಲ್ಲಿ ನಾಲ್ಕು ದಾರಿಗಳ ಆಂಪ್ಲಿಫೈಯರನ್ನೂ ಸ್ಪೀಕರುಗಳನ್ನೂ ಅಂಗಡಿಯೊಂದರಲ್ಲಿ ಹಾಕಿಸಿದನು. ಎರಡು ತಿಂಗಳೊಳಗೆ ಎಡಗಡೆಯ ಟ್ವೀಟರು ಮೂಕವಾಯಿತು. ಹೊಸದನ್ನು ಹಾಕಿಸಿದರೆ ದೀಪಾವಳಿಯ ಹೊತ್ತಿಗೆ ಎರಡೂ ಮೂಕವಾದುವು. ಸ್ಪೀಕರು ಚಿಕ್ಕದಾಯಿತು, ಆಂಪ್ಲಿಫೈಯರೂ ಸಾಲದು, ಎರಡನ್ನೂ ದೊಡ್ಡದಕ್ಕೆ ಬದಲಾಯಿಸಬೇಕೆಂದು ಅಂಗಡಿಯವನ ಸಲಹೆ. ಯುವಕನು ಸಾಲ ಮಾಡುವ ಯೋಚನೆಯಲ್ಲಿದ್ದನು. ತಂಗಿಯ ಕಾಲೇಜಿನ ಶುಲ್ಕಕ್ಕೆ ಕಟ್ಟಬೇಕಾದ ಕಂತು ಅದೇ ತಿಂಗಳಲ್ಲಿತ್ತು; ಮನೆಯಲ್ಲಿ ತಂದೆಗೂ ಮಗನಿಗೂ ಮಾತು ನಿಂತಿತ್ತು. ತಾಯಿ ಬಂದು, “ಮೇಷ್ಟ್ರೆ, ನೀವಾದರೂ ಅವನಿಗೆ ಒಂದು ಮಾತು ಹೇಳಿ” ಎಂದರು.

ನಾವು ಕಲಿತುದು ಸಂಸ್ಕೃತ; ಕಲಿಸಿದುದೂ ಅದನ್ನೇ. ಆದರೆ ನಮ್ಮೊಡನೆ ಮೂವತ್ತು ವರುಷ ವಿಜ್ಞಾನವನ್ನು ಪಾಠಮಾಡಿದ ಮಿತ್ರರೊಬ್ಬರು ಕಾಕ್ಸ್ ಟೌನಿನಲ್ಲಿ ವಿಶ್ರಾಂತಿಯಲ್ಲಿದ್ದಾರೆ. ಒಂದು ಭಾನುವಾರ ಅವರು ತಮ್ಮ ಮಲ್ಟಿಮೀಟರನ್ನು ಚೀಲದಲ್ಲಿಟ್ಟುಕೊಂಡು ಬಂದರು. ಡಿಕ್ಕಿಯನ್ನು ತೆಗೆಸಿ ನೋಡಿದರೆ ಗೇನ್ ತಿರುಪುಗಳು ಕೊನೆಮುಟ್ಟಿದ್ದುವು. ಪಕ್ಕದಲ್ಲಿದ್ದ ‘ಬೇಸ್ ಬೂಸ್ಟ್’ ಎಂಬ ಇನ್ನೊಂದು ತಿರುಪೂ ೧೨ ಡೆಸಿಬೆಲ್ ಎಂಬಲ್ಲಿತ್ತು. ಮಿತ್ರರು ನಕ್ಕು, “ಏನಪ್ಪ, ಯಾವ ಹೊತ್ತಿಗೂ ವಾಲ್ಯೂಮ್ ಎಷ್ಟರಲ್ಲಿಟ್ಟು ಕೇಳುತ್ತೀಯೆ?” ಎಂದು ಕೇಳಿದರು. “ಹದಿಮೂರು, ಹದಿನಾಲ್ಕು, ಸಾರ್. ಅದರ ಮೇಲೆ ಹೋದರೆ ಒಡೆದ ಹಾಗೆ ಕೇಳುತ್ತೆ.” ಗುಂಡಿಯ ಪೂರ್ಣ ಅಳತೆ ನಲವತ್ತು. ಎಂದರೆ ನಲವತ್ತು ಮೆಟ್ಟಿಲುಗಳ ಏಣಿಯನ್ನು ಕೊಂಡು ಹದಿನಾಲ್ಕನೆಯದರಲ್ಲಿಯೇ ಅಟ್ಟಕ್ಕೆ ತಲೆ ಬಡಿಸಿಕೊಳ್ಳುತ್ತಿದ್ದನು.

ಮಿತ್ರರು ಅಂದು ಮಾಡಿದ ಕೆಲಸವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ. ಮನೆಯಲ್ಲಿ ಒಬ್ಬರಿಗಾದರೂ ಪ್ರಯೋಜನವಾದೀತು. ಕಾರನ್ನು ಬಯಲಿನಲ್ಲಿ ನಿಲ್ಲಿಸಿ ಎಂಜಿನನ್ನು ಚಾಲೂ ಮಾಡಿಸಿದರು. ಎಂಜಿನು ನಿಂತಿರುವಾಗ ಬ್ಯಾಟರಿಯಲ್ಲಿ ಹನ್ನೆರಡೂವರೆ ವೋಲ್ಟಿನಷ್ಟಿರುತ್ತದೆ, ತಿರುಗುವಾಗ ಹದಿನಾಲ್ಕರ ಆಸುಪಾಸಿಗೆ ಬರುತ್ತದೆ. ಹಾಡು ಕೇಳುವುದು ಓಡುವಾಗಲಾದುದರಿಂದ ಅಳತೆಯೂ ಆ ಸ್ಥಿತಿಯಲ್ಲಿಯೇ ಆಗತಕ್ಕುದು. (ಮುಚ್ಚಿದ ಗ್ಯಾರೇಜಿನಲ್ಲಿ ಇದನ್ನು ಮಾಡಲೇಕೂಡದು. ಎಂಜಿನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡು ವಾಸನೆಯಿಲ್ಲದ ವಿಷ.) ಅನಂತರ ಸ್ಟೀರಿಯೋವಿನಲ್ಲಿದ್ದ ಬೇಸ್, ಟ್ರೆಬಲ್, ಲೌಡ್‌ನೆಸ್ ಮುಂತಾದ ಅಲಂಕಾರಗಳನ್ನೆಲ್ಲ ಸೊನ್ನೆಗೆ ತಂದರು. ಆಂಪ್ಲಿಫೈಯರಿನ ಬೇಸ್ ಬೂಸ್ಟನ್ನು ಮುಚ್ಚಿದರು. ಗೇನ್ ತಿರುಪನ್ನು ಅತ್ಯಂತ ಕೆಳಕ್ಕೆ ಇಳಿಸಿದರು. ಸ್ಪೀಕರಿನ ತಂತಿಗಳನ್ನು ಆಂಪ್ಲಿಫೈಯರಿನಿಂದ ಬಿಚ್ಚಿಸಿದರು. ಏತಕ್ಕೆಂದರೆ ಪರೀಕ್ಷೆಯ ಸ್ವರವು ಎಡೆಬಿಡದೆ ಪೂರ್ಣಬಲದಲ್ಲಿ ಹೊರಡುವುದು, ಸ್ಪೀಕರು ಜೋಡಿಸಿಯೇ ಇದ್ದರೆ ಅದಕ್ಕೆ ಅಪಾಯ.

ಇನ್ನು ಲೆಕ್ಕ. ಆಂಪ್ಲಿಫೈಯರಿನ ಒಂದೊಂದು ದಾರಿಗೆ ೭೫ ವಾಟು ಎಂದೂ ಸ್ಪೀಕರಿಗೆ ೫೦ ವಾಟು, ೪ ಓಮು ಎಂದೂ ಅವುಗಳ ಪುಸ್ತಕಗಳಲ್ಲಿತ್ತು. ಎರಡರಲ್ಲಿ ಚಿಕ್ಕದನ್ನು ಹಿಡಿಯತಕ್ಕುದು. ವಾಟನ್ನು ಓಮಿನಿಂದ ಗುಣಿಸಿ ವರ್ಗಮೂಲವನ್ನು ತೆಗೆದರೆ ಬೇಕಾದ ವೋಲ್ಟು ದೊರೆಯುವುದು: ೫೦ × ೪ = ೨೦೦; ಅದರ ವರ್ಗಮೂಲ ೧೪.೧. ನೂರು ವಾಟಿನ, ೪ ಓಮಿನ ಸ್ಪೀಕರಾಗಿದ್ದರೆ ನೇರವಾಗಿ ೨೦ ವೋಲ್ಟು ಬರುತ್ತಿತ್ತು. ೩೦೦ ವಾಟಿನ, ೨ ಓಮಿನ ಸಬ್‌ವೂಫರಿಗೆ ೨೪.೫. ಇಲ್ಲೊಂದು ಎಚ್ಚರಿಕೆ. ಸ್ಪೀಕರಿನ ಓಮನ್ನು ಮಲ್ಟಿಮೀಟರಿನಿಂದ ಅಳೆದರೆ ನಾಲ್ಕಕ್ಕೆ ಬದಲಾಗಿ ಮೂರು ಚಿಲ್ಲರೆ ತೋರಿಸುವುದು. ಅದು ತಂತಿಯ ಅಳತೆ ಮಾತ್ರ. ಲೆಕ್ಕಕ್ಕೆ ಸ್ಪೀಕರಿನ ಮೇಲೆ ಬರೆದಿರುವ ಅಂಕೆಯೇ ಆಗಬೇಕು. ವಾಟಿನಲ್ಲಿಯೂ ‘ಆರ್‌ಎಂಎಸ್’ ಎಂದು ಬರೆದುದನ್ನು ಮಾತ್ರ ನಂಬತಕ್ಕುದು. ಪೆಟ್ಟಿಗೆಯ ಮೇಲೆ ಚಿನ್ನದ ಅಕ್ಷರಗಳಲ್ಲಿ ‘ಪಿಎಂಪಿಓ’ ಎಂದು ಸಾವಿರಗಟ್ಟಲೆ ವಾಟುಗಳನ್ನು ಅಚ್ಚು ಹಾಕಿರುವುದುಂಟು. ಆಸ್ಥಾನಕವಿಗಳ ಪ್ರಶಸ್ತಿಶ್ಲೋಕಗಳಲ್ಲಿ ರಾಜನ ಸೇನೆಗೆ ಎಷ್ಟು ಸತ್ಯವೋ ಇದರಲ್ಲಿಯೂ ಅಷ್ಟೇ ಸತ್ಯ.

ಮಿತ್ರರು ೧,೦೦೦ ಕಂಪನಗಳ ಶುದ್ಧಸ್ವರವನ್ನು ಪೆನ್ ಡ್ರೈವಿನಲ್ಲಿ ತಂದಿದ್ದರು. ವಾಲ್ಯೂಮನ್ನು ನಲವತ್ತರಲ್ಲಿ ಮುಪ್ಪತ್ತಕ್ಕೆ, ಎಂದರೆ ಮುಕ್ಕಾಲು ಭಾಗಕ್ಕೆ ಏರಿಸಿದರು. ಪೂರ್ತಿಯಾಗಿ ಏಕೆ ಏರಿಸಲಿಲ್ಲವೆಂದರೆ, ಅನೇಕ ಸ್ಟೀರಿಯೋಗಳು ಕೊನೆಯ ಕಾಲುಭಾಗದಲ್ಲಿ ತಾವೇ ಅಲೆಯ ಶಿಖರವನ್ನು ಕತ್ತರಿಸಲಾರಂಭಿಸುತ್ತವೆ. ಮೂಲದಲ್ಲಿಯೇ ಕೆಟ್ಟುದನ್ನು ಆಂಪ್ಲಿಫೈಯರು ತಿದ್ದಲಾರದು. ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ಅದರ ಎರಡು ಕಡ್ಡಿಗಳನ್ನು ಸ್ಪೀಕರಿನ ತಂತಿ ಕೂಡುವ ಜಾಗದಲ್ಲಿಟ್ಟು, ಗೇನ್ ತಿರುಪನ್ನು ಕೂದಲೆಳೆಯಷ್ಟಷ್ಟೇ ಮೇಲಕ್ಕೆ ತಿರುಗಿಸುತ್ತ ಬಂದರು. ೧೪.೧ ಕಾಣಿಸಿದ ಕ್ಷಣದಲ್ಲಿ ಕೈ ನಿಲ್ಲಿಸಿದರು. ತಿರುಪು ತನ್ನ ದಾರಿಯಲ್ಲಿ ಮೂರನೆಯ ಒಂದು ಭಾಗವನ್ನೂ ಕ್ರಮಿಸಿರಲಿಲ್ಲ. ಯುವಕನಿಗೆ ನಂಬಿಕೆಯೇ ಬರಲಿಲ್ಲ. “ಇಷ್ಟೇನಾ ಸಾರ್?” ಎಂದನು. ಅವನ ಸಮಾಧಾನಕ್ಕಾಗಿ ಮಿತ್ರರು ತಿರುಪನ್ನು ಒಮ್ಮೆ ಮೊದಲಿದ್ದಲ್ಲಿಗೆ ಏರಿಸಿ ತೋರಿಸಿದರು. ಮೀಟರು ೨೩ನ್ನು ದಾಟಿ ಅಲ್ಲಿಯೇ ನಿಂತುಬಿಟ್ಟಿತು. ತಿರುಪಿನಲ್ಲಿ ಇನ್ನೂ ದಾರಿಯಿದ್ದರೂ ಅಂಕೆ ಮುಂದಕ್ಕೆ ಹೋಗಲೊಲ್ಲದು. ಆ ಎರಡು ತಿಂಗಳು ಟ್ವೀಟರು ಯಾವ ಬೆಂಕಿಯಲ್ಲಿ ಕುಳಿತಿತ್ತೆಂಬುದು ಆಗ ಅವನ ಕಣ್ಣಿಗೆ ಬಿದ್ದಿತು.

ನಾಲ್ಕು ದಾರಿಗಳಿಗೂ ಹೀಗೆಯೇ ಮಾಡಿ, ವಾಲ್ಯೂಮನ್ನು ಇಳಿಸಿ, ಸ್ಪೀಕರುಗಳನ್ನು ಜೋಡಿಸಿ, ಹಾಳಾದ ಟ್ವೀಟರುಗಳಿಗೆ ಬದಲು ಅದೇ ಅಳತೆಯ ಹೊಸವನ್ನು ಹಾಕಿಸಿದ್ದಾಯಿತು. ಆಂಪ್ಲಿಫೈಯರು ಹಳೆಯದೇ. ಯುವಕನು ವೀಣಾವಾದನವೊಂದನ್ನು ನಮಗೋಸ್ಕರವಾಗಿಯೇ ಹಾಕಿದನು. ಮೀಟಿದ ತಂತಿಯ ನಾದವು ಕ್ಷೀಣಿಸಿ ಮೌನದಲ್ಲಿ ಸೇರುವವರೆಗೂ ಕೇಳಿಸಿತು. ಹಿಂದೆ ಅಲ್ಲಿ ಹಿಸುಗುಟ್ಟುವಿಕೆ ಇತ್ತು. ವಾಲ್ಯೂಮ್ ಮುಪ್ಪತ್ತಕ್ಕೆ ಹೋದರೂ ಒಡಕಿಲ್ಲ. ಆದರೆ ಮುಪ್ಪತ್ತರವರೆಗೆ ಹೋಗಬೇಕೆಂದು ಅವನಿಗೇ ಅನ್ನಿಸಲಿಲ್ಲ. ಇಪ್ಪತ್ತೆರಡಕ್ಕೆ ಎಲ್ಲವೂ ಸ್ಪಷ್ಟವಾಗಿತ್ತು. ಇದನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ಕಂಡಿದ್ದೇವೆ. ಉಚ್ಚಾರಣೆ ತಿಳಿಯಾಗಿರುವ ಹುಡುಗನು ಮೆಲ್ಲಗೆ ಓದಿದರೂ ಹಿಂದಿನ ಬೆಂಚಿಗೆ ಕೇಳುತ್ತದೆ. ನಾಲಗೆ ದಪ್ಪನಾದವನು ಕೂಗಿದಷ್ಟೂ ಮುಂದಿನ ಬೆಂಚಿನವರು ‘ಏನು, ಏನು?’ ಎನ್ನುತ್ತಾರೆ.

ಸಾಲದ ವಿಚಾರ ಅಲ್ಲಿಗೆ ಮುಗಿಯಿತು. ದೊಡ್ಡ ಆಂಪ್ಲಿಫೈಯರನ್ನು ತಂದಿದ್ದರೂ ಅವನು ಎಣಿಸಿದಷ್ಟು ಫಲ ದೊರೆಯುತ್ತಿರಲಿಲ್ಲ. ಇಲ್ಲಿ ಡೆಸಿಬೆಲ್ ಎಂಬ ಮಾತನ್ನು ಸ್ವಲ್ಪ ತಿಳಿಯಬೇಕು. ದೂರವಾಣಿಯ ತಂತಿಯಲ್ಲಿ ಧ್ವನಿಯು ಎಷ್ಟು ಸೋರಿಹೋಗುವುದೆಂಬುದನ್ನು ಅಳೆಯುವುದಕ್ಕಾಗಿ ೧೯೨೦ರ ದಶಕದಲ್ಲಿ ಅಮೆರಿಕೆಯ ಬೆಲ್ ಸಂಸ್ಥೆಯ ಎಂಜಿನಿಯರುಗಳು ಈ ಅಳತೆಯನ್ನು ಏರ್ಪಡಿಸಿದರು. ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಹೆಸರೇ ಅದರಲ್ಲಿ ಅಡಗಿದೆ. ೧೯೪೮ರಲ್ಲಿ ಕೃಷ್ಣರಾಜಪುರದ ಬಳಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಆರಂಭವಾಗಿ ದೂರವಾಣಿನಗರ ಬೆಳೆದಂದಿನಿಂದ ನಮ್ಮ ಪೂರ್ವಭಾಗದ ಎಷ್ಟೋ ಮನೆಗಳ ಹಿರಿಯರಿಗೆ ಇದು ನಿತ್ಯದ ಮಾತಾಗಿತ್ತು. ಅದರ ಲೆಕ್ಕದ ಪ್ರಕಾರ ವಾಟನ್ನು ಎರಡರಷ್ಟು ಮಾಡಿದರೆ ಸದ್ದು ಹೆಚ್ಚುವುದು ೩ ಡೆಸಿಬೆಲ್ ಮಾತ್ರ. ಕಿವಿಗೆ ಅದು ‘ಸ್ವಲ್ಪ ಹೆಚ್ಚಾಯಿತು’ ಎನ್ನುವಷ್ಟೇ. ಕಿವಿಗೆ ಎರಡರಷ್ಟು ಎಂದು ತೋರಬೇಕಾದರೆ ಸುಮಾರು ೧೦ ಡೆಸಿಬೆಲ್ ಏರಬೇಕು. ಅದಕ್ಕೆ ವಾಟು ಹತ್ತರಷ್ಟಾಗಬೇಕು. ಐವತ್ತನ್ನು ನೂರು ಮಾಡಲು ಸಾಲ ಮಾಡುವವರು ಇದನ್ನು ಒಮ್ಮೆ ಯೋಚಿಸುವುದು ಒಳ್ಳೆಯದು. ಬೇಸ್ ಬೂಸ್ಟಿನ ೧೨ ಡೆಸಿಬೆಲ್ ಎಂಬುದರ ಭಾರವೂ ಈಗ ತಿಳಿಯುವುದು: ಆ ತಿರುಪನ್ನು ಪೂರ್ತಿ ತಿರುಗಿಸಿದವನು ಮಂದ್ರಸ್ವರಕ್ಕೆ ಸುಮಾರು ಹದಿನಾರರಷ್ಟು ಶಕ್ತಿಯನ್ನು ಕೇಳುತ್ತಾನೆ. ಆಂಪ್ಲಿಫೈಯರಿನಲ್ಲಿ ಅದು ಎಲ್ಲಿದೆ? ಇದ್ದ ಸೇರಿನಲ್ಲಿಯೇ ಸವರಿ ಕೊಡುತ್ತದೆ.

ಮನೆಯವರಿಗೆ ಹಣಕ್ಕಿಂತಲೂ ಮುಖ್ಯವಾದುದು ಕಿವಿ. ೮೫ ಡೆಸಿಬೆಲಿನ ಸದ್ದನ್ನು ದಿನಕ್ಕೆ ಎಂಟು ಗಂಟೆಯವರೆಗೆ ತಾಳಬಹುದೆಂದೂ, ಅದರ ಮೇಲೆ ಪ್ರತಿ ೩ ಡೆಸಿಬೆಲ್ ಏರಿದಂತೆ ಕಾಲವನ್ನು ಅರ್ಧಕ್ಕಿಳಿಸಬೇಕೆಂದೂ ಅಮೆರಿಕೆಯ ಔದ್ಯೋಗಿಕ ಆರೋಗ್ಯಸಂಸ್ಥೆಯ ಸಲಹೆ. ಅದರಂತೆ ೯೪ಕ್ಕೆ ಒಂದು ಗಂಟೆ, ೧೦೦ಕ್ಕೆ ಕಾಲುಗಂಟೆ. ಕಾಲುಗಂಟೆಯಲ್ಲಿ ಕುಕ್ ಟೌನಿನಿಂದ ಶಿವಾಜಿನಗರವನ್ನು ದಾಟುವುದೂ ಸಂಜೆಯ ವೇಳೆಯಲ್ಲಿ ಕಷ್ಟ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ಅಂಗವೊಂದಿದೆ. ಅದರಲ್ಲಿರುವ ಸೂಕ್ಷ್ಮರೋಮಗಳುಳ್ಳ ಜೀವಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ತಾರಧ್ವನಿಗಳನ್ನು ಹಿಡಿಯುವ ಭಾಗ. ಭಾಷೆಯನ್ನು ಕಲಿಸಿದವರಿಗೆ ಇದರ ಅರ್ಥ ಚೆನ್ನಾಗಿ ತಿಳಿಯುತ್ತದೆ: ಶ, ಷ, ಸ ಎಂಬ ಊಷ್ಮಗಳ ಜೀವಾಳವಿರುವುದು ಆ ತಾರಧ್ವನಿಯಲ್ಲಿ. ಸ್ವರಗಳು ಕೇಳುತ್ತಲೇ ಇರುತ್ತವೆ, ವ್ಯಂಜನಗಳು ಜಾರಿಹೋಗುತ್ತವೆ. ‘ಮಾತು ಕೇಳುತ್ತದೆ, ಏನೆಂದು ತಿಳಿಯುವುದಿಲ್ಲ’ ಎಂದು ಎಪ್ಪತ್ತರ ವೃದ್ಧರು ಹೇಳುವುದನ್ನು ಇಪ್ಪತ್ತೈದರ ಮಗನು ಹೇಳುವಂತಾಗಬಾರದು. ಹಿಂದಿನ ಆಸನದಲ್ಲಿ, ಸಬ್‌ವೂಫರಿನ ಪಕ್ಕದಲ್ಲಿಯೇ ಮೊಮ್ಮಕ್ಕಳನ್ನು ಕೂರಿಸುವ ಪರಿಪಾಟಿ ನಮ್ಮಲ್ಲಿದೆ. ಗುಂಡಿಯ ಬಳಿ ಕುಳಿತವನಿಗಿಂತ ಅವರಿಗೆ ಸದ್ದು ಹೆಚ್ಚೆಂಬುದನ್ನು ಯಾರೂ ಲೆಕ್ಕಿಸುವುದಿಲ್ಲ. ಹೊರಗಿನವರ ಪಾಲಿಗೆ ಕಾನೂನೂ ಇದೆ. ೨೦೦೦ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿಪ್ರದೇಶಕ್ಕೆ ಹಗಲು ೫೫, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ೪೫ ಡೆಸಿಬೆಲ್ ಎಂದು ಮಿತಿಯನ್ನು ಗೊತ್ತುಮಾಡಿವೆ.

ಕೆಲವು ಚಿಲ್ಲರೆ ಸಂಗತಿಗಳನ್ನು ಬಿಡಲಾಗದು. ಅಗ್ಗದ ಮಲ್ಟಿಮೀಟರುಗಳಲ್ಲಿ ಎಸಿ ವೋಲ್ಟಿನ ಅಳತೆ ೪೦೦ ಕಂಪನಗಳವರೆಗೆ ಮಾತ್ರ ನಿಜವಾಗಿರುತ್ತದೆ. ಅಂಥದನ್ನು ಹಿಡಿದವರು ೧,೦೦೦ಕ್ಕೆ ಬದಲಾಗಿ ೪೦೦ರ ಒಳಗಿನ ಸ್ವರವನ್ನು ಬಳಸಬೇಕು. ಸಬ್‌ವೂಫರಿಗೆ ಹೇಗೂ ೫೦ರ ಸ್ವರ. ಪರೀಕ್ಷೆಯ ಸ್ವರದಲ್ಲಿಯೂ ಎರಡು ಬಗೆ. ಪೂರ್ಣಮಟ್ಟದ್ದು, ಎಂದರೆ ೦ ಡೆಸಿಬೆಲಿನದು ಒಂದು. ಅದಕ್ಕಿಂತ ೫ ಡೆಸಿಬೆಲ್ ತಗ್ಗಿದುದು ಇನ್ನೊಂದು. ಈಚಿನ ಚಲನಚಿತ್ರಗೀತೆಗಳನ್ನು ಮುದ್ರಿಸುವವರು ಆದಿಯಿಂದ ಅಂತ್ಯದವರೆಗೂ ಪೂರ್ಣಮಟ್ಟದಲ್ಲಿಯೇ ಒತ್ತಿಬಿಡುತ್ತಾರಾದುದರಿಂದ ಅವುಗಳಿಗೆ ಮೊದಲನೆಯದೇ ಕ್ಷೇಮ. ಹಳೆಯ ಕಚೇರಿಗಳ ಮುದ್ರಣಗಳನ್ನು ಹೆಚ್ಚಾಗಿ ಕೇಳುವವರು ಎರಡನೆಯದನ್ನು ಆರಿಸಿಕೊಳ್ಳಬಹುದು. ಅವುಗಳಲ್ಲಿ ಗಾಯಕರ ಕಂಠ ಪೂರ್ಣಮಟ್ಟಕ್ಕೆ ಏರುವುದು ಅಪರೂಪ, ಏರಿದಾಗ ಶಿಖರವು ಅಲ್ಲಲ್ಲಿ ತುಸು ಸವರಿಹೋದರೂ ಹಾನಿ ಕಡಿಮೆ. ಮೊಬೈಲಿನಿಂದ ಹಾಡನ್ನು ಕಳುಹಿಸುವವರು ಅದರ ವಾಲ್ಯೂಮನ್ನು ಪೂರ್ತಿಗೆ ಸಮೀಪವಾಗಿ ಒಂದೇ ಕಡೆ ಇಟ್ಟು, ಏರಿಳಿತವನ್ನು ಸ್ಟೀರಿಯೋವಿನ ಗುಂಡಿಗೇ ಬಿಡಬೇಕು. ಮಲ್ಟಿಮೀಟರೇ ಇಲ್ಲದವರು ಮುಕ್ಕಾಲು ವಾಲ್ಯೂಮಿನಲ್ಲಿ ಪರಿಚಿತವಾದ ಹಾಡೊಂದನ್ನು ಹಾಕಿ, ಒಡಕು ಕೇ­ಳಿಸುವವರೆಗೆ ಗೇನನ್ನು ಏರಿಸಿ, ಕೂಡಲೇ ಸ್ವಲ್ಪ ಹಿಂದಕ್ಕೆ ತಿರುಗಿಸಬಹುದು. ಮೀಟರಿನಷ್ಟು ನಿಶ್ಚಯವಲ್ಲವಾದರೂ ಏನೂ ಮಾಡದಿರುವುದಕ್ಕಿಂತ ಮೇಲು. ಎಂಜಿನಿನ ವೇಗದೊಡನೆ ಏರುವ ‘ಕುಂಯ್’ ಎಂಬ ಸದ್ದು ಇದ್ದರೆ ಅದು ಗೇನಿನಿಂದ ಹೆಚ್ಚುತ್ತದೆಯೇ ಹೊರತು ಅದರ ಮೂಲ ಬೇರೆ: ಆಂಪ್ಲಿಫೈಯರಿನ ಭೂಸಂಪರ್ಕದ ತಂತಿಯನ್ನು ಬಣ್ಣ ಕೆರೆದ ಬರಿಯ ಲೋಹಕ್ಕೆ ಬಿಗಿದಿಲ್ಲ, ಅಥವಾ ಆರ್‌ಸಿಎ ತಂತಿಯನ್ನು ಬ್ಯಾಟರಿಯ ತಂತಿಯ ಜೊತೆಯಲ್ಲಿಯೇ ಎಳೆದಿದ್ದಾರೆ.

ಇಷ್ಟನ್ನೂ ತಾವೇ ಮಾಡುವಷ್ಟು ವ್ಯವಧಾನ ಎಲ್ಲ ಗೃಹಸ್ಥರಿಗೂ ಇರದು. ಜೆ. ಸಿ. ರಸ್ತೆಯಲ್ಲಿ ಕಾರಿನ ಸಾಮಾನುಗಳ ಅಂಗಡಿಗಳು ಸಾಲಾಗಿವೆ. ಕೆಲಸ ಬಲ್ಲವರೂ ಅಲ್ಲಿ ಇದ್ದಾರೆ. ಕೆಲಸಕ್ಕೆ ಒಪ್ಪಿಸುವ ಮೊದಲು ‘ಗೇನನ್ನು ಮೀಟರು ಇಟ್ಟು ಹೊಂದಿಸುತ್ತೀರಾ?’ ಎಂದು ಒಂದು ಮಾತು ಕೇಳಿರಿ. ‘ಫುಲ್ ಇಟ್ಟುಕೊಡುತ್ತೇವೆ, ಸಾರ್’ ಎಂದು ಉತ್ತರ ಬಂದರೆ ಪಕ್ಕದ ಅಂಗಡಿಗೆ ಹೋಗಬಹುದು. ಕೆಲಸ ಮುಗಿದ ಮೇಲೆ ಬಿಲ್ಲಿನ ಹಿಂಭಾಗದಲ್ಲಿ ನಾಲ್ಕು ಅಂಕೆಗಳನ್ನು ಬರೆಯಿಸಿಕೊಳ್ಳಿರಿ: ವಾಲ್ಯೂಮ್ ಎಷ್ಟರಲ್ಲಿತ್ತು, ಸ್ವರ ಎಷ್ಟು ಕಂಪನದ್ದು, ಮುಂದಿನ ಸ್ಪೀಕರಿಗೆ ಎಷ್ಟು ವೋಲ್ಟು, ಹಿಂದಿನದಕ್ಕೆ ಎಷ್ಟು. ತಿರುಪು ನಿಂತ ಜಾಗದಲ್ಲಿ ಉಗುರಿಗೆ ಹಚ್ಚುವ ಬಣ್ಣದಿಂದ ಒಂದು ಚುಕ್ಕೆಯನ್ನಿಟ್ಟರೆ, ಮುಂದೆ ಯಾರಾದರೂ ಅದನ್ನು ತಿರುಗಿಸಿದುದು ಕೂಡಲೇ ಗೊತ್ತಾಗುತ್ತದೆ. ಸ್ಟೀರಿಯೋವನ್ನು ಬದಲಾಯಿಸಿದ ದಿನ ಮಾತ್ರ ಆ ಚುಕ್ಕೆಯನ್ನು ಅಳಿಸಿ ಲೆಕ್ಕವನ್ನು ಹೊಸದಾಗಿ ಮಾಡಿಸಬೇಕು.